ಪಾಸು ಮಾಡಿದ ಕಾಲು

“ಡೆಕ್ಕಿನ ಮೇಲೆ ನಾಲ್ಕು ಕಾಲಲ್ಲಿ ಓಡಾಡೋನು ನಾನು. ಆದ್ರೆ ಕತ್ತೆ ಮಾತ್ರ ನೀನು ಕಣೋ!”

ಭೂಗೋಳದ ಮೇಷ್ಟ್ರು ಹೀಗೆ ಕೂಗಿದಾಗ ದೋಣಿ ರಿಪೇರಿ ಅಂಗಳದಲ್ಲಿ ಎಲ್ಲರೂ ಟೀ ಕುಡಿಯುತ್ತಿದ್ದರು. ಬೇರೆ ಹೊತ್ತಾಗಿದ್ದರೆ ಸುತ್ತಿಗೆ ಗರಗಸಗಳ ಸದ್ದಿನಲ್ಲಿ ಅರ್ಧ ಮಾತು ಮುಳುಗಿ ಹೋಗುತ್ತಿತ್ತು. ಟೀ ಹೊತ್ತಾದ್ದರಿಂದ ಒಂದಕ್ಷರವೂ ಪೋಲಾಗಲಿಲ್ಲ. ಎಂಜಿನ್ ರಿಪೇರಿಯವನಿಗೆ ಟೀ ನೆತ್ತಿಗೇರಿ ಕೆಮ್ಮತೊಡಗಿದ. ಹಾಯಿ ಹೊಲಿಯುವ ಅಕ್ಕ ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ನಕ್ಕಳು. ಅಂಗಳದ ಯಜಮಾನರು ನಗಲಿಲ್ಲ. ಅವರು ನಗದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಮೇಷ್ಟ್ರು ಕಟ್ಟಿಗೆಯ ಆಸರೆಗಳ ಮೇಲೆ ನಿಲ್ಲಿಸಿದ್ದ ತಮ್ಮ ಹಳೇ ಹಾಯಿದೋಣಿಯ ಅಂಚಿನಲ್ಲಿ ಕೂತು, ಪ್ಯಾಂಟನ್ನು ಮೇಲಕ್ಕೆ ಮಡಚಿ, ಕೆಳಗಿದ್ದ ನಮಗೆಲ್ಲ ಮಂಡಿ ತೋರಿಸುತ್ತಿದ್ದರು. ಎರಡೂ ಮಂಡಿಯ ಚರ್ಮ ಸುಲಿದಿತ್ತು. ಅಂಗೈ ಕೆಂಪಾಗಿತ್ತು. ಯಾವುದೋ ಕಿವಿಯ ಕಾಯಿಲೆಯಿಂದ ಅವರಿಗೆ ನಿಂತಲ್ಲೇ ತಲೆ ತಿರುಗುತ್ತದೆ. ದೋಣಿ ಹತ್ತಲೇಬೇಕಾದರೆ ಮೇಲಿನ ಹಾಸು, ಅಂದರೆ ಡೆಕ್ಕು, ಜಾರಬಾರದು, ಅದರ ಮೇಲೆ ಮಗುವಿನ ಹಾಗೆ ಅಂಬೆಗಾಲಲ್ಲೇ ಹೋಗಬೇಕು ಎಂದು ಅವರ ಹೆಂಡತಿ ಕಟ್ಟಪ್ಪಣೆ ಮಾಡಿದ್ದರು. ಅದಕ್ಕೇ ಆ ಡೆಕ್ಕಿನ ಜಾರದ ಬಣ್ಣವನ್ನು ಹೊಸದಾಗಿ ಮಾಡಲು ನಮಗೆ ಒಪ್ಪಿಸಿದ್ದರು. ದೋಣಿಯ ಮುಂದಿನ ಮೂತಿಯ ತನಕ ಅಂಬೆಗಾಲಲ್ಲಿ ಹೋಗಿ ಬಂದ ಮನುಷ್ಯನ ಮಂಡಿ ಹೀಗಾಗಿತ್ತು.

“ಶಾಲೇಲೂ ಇವನು ಹೀಗೇ,” ಎಂದು ಮೇಷ್ಟ್ರು ಮುಂದುವರಿಸಿದರು. ಅವರ ಕ್ಲಾಸಿನಲ್ಲಿ ಕೂತಿದ್ದವನು ನಾನು, ಶಾಲೆ ಬಿಡುವ ತನಕ. “ನಕ್ಷೆ ಬರಿ ಅಂದ್ರೆ ನದೀನ ಗುಡ್ಡ ಹತ್ತಿಸ್ತಿದ್ದ. ವಿದ್ಯೆಯಂತೂ ತಲೆಗೆ ಹತ್ತಲಿಲ್ಲ, ಕೆಲಸಾನಾದ್ರೂ ಕೈಗೆ ಹತ್ತಬಾರ್ದಾ?”

ಮತ್ತೆ ನಗು. ನನ್ನ ಕಿವಿ ಸುಡುತ್ತಿತ್ತು. ಅಪ್ಪನ ಕಡೆ ನೋಡಿದೆ. ಏಣಿಯ ಪಕ್ಕ ನಿಂತಿದ್ದ ಅಪ್ಪ, ನೊಣ ಬಿದ್ದಿದೆಯೇನೋ ಎಂಬಂತೆ ಟೀ ಲೋಟದೊಳಗೇ ನೋಡುತ್ತಿದ್ದ.

“ಮೇಷ್ಟ್ರೇ, ನೀವು ಇಳೀರಿ. ಮುಲಾಮು ಹಚ್ಚಿಸ್ತೀನಿ. ಡೆಕ್ಕು ಮತ್ತೆ ಮಾಡ್ಕೊಡ್ತೀವಿ,” ಎಂದರು ಯಜಮಾನರು. ಆಮೇಲೆ ನನ್ನ ಕಡೆ ತಿರುಗಿದರು. “ಮೊದಲು ಅದನ್ನ ಸರಿಮಾಡು. ಸರಿಯಾದ್ಮೇಲೆ ಇದೇ ಜಾಗದಲ್ಲಿ, ಇವರೆಲ್ಲರ ಮುಂದೆ ಕೇಳ್ತೀನಿ, ಇದನ್ನ ಪಾಸು ಮಾಡಿದ್ದು ಯಾರು ಅಂತ. ನೀನಾಗಿದ್ರೆ ಬ್ರಷ್ ಕೆಳಗಿಟ್ಟು ದೋಣಿ ಹೊಟ್ಟೆಯ ಪಾಚಿ ಕೆರೆಯೋಕೆ ನಡಿ.”

“ನಾನಲ್ಲದಿದ್ರೆ?”

“ಮತ್ಯಾರು, ನಿಮ್ಮಪ್ಪನಾ?” ಅವರು ಈಗ ನಕ್ಕರು. “ಅವನ ಕಾಲು ತಪ್ಪೋ ಕಾಲಕ್ಕೆ ಆ ಕಾಲಿಗೆ ಇಲ್ಲೇನು ಕೆಲಸ? ಮನೇಲಿ ಚಾಚ್ಕೊಂಡು ಕೂರ್ಲಿ.”

ಅಪ್ಪ ಲೋಟದಿಂದ ಕಣ್ಣೆತ್ತಲಿಲ್ಲ.

ನಮ್ಮ ಅಂಗಳದಲ್ಲಿ ಅಪ್ಪನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರಿಗೂ ಅವನು ಅಂಗಾಲಣ್ಣ. ನನಗಿಂತ ಚಿಕ್ಕವರಿಗೂ, ಅವನಿಗಿಂತ ದೊಡ್ಡವರಿಗೂ. ಯಾಕೆ ಎಂದು ತಿಳಿಯಬೇಕಾದರೆ ಜಾರದ ಡೆಕ್ಕು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಹಳೇ ಬಣ್ಣ ಕಾಲು ಬೀಳುವ ಕಡೆಯೆಲ್ಲ ಸವೆದು ಬಚ್ಚಲು ಕಲ್ಲಿನ ಹಾಗೆ ನುಣುಪಾಗಿರುತ್ತದೆ. ಅದನ್ನು ಕೆರೆದು, ಉಜ್ಜಿ, ತೊಳೆದು, ಹಾಯಿಕಂಬದ ಬುಡ, ಹಗ್ಗ ಸುತ್ತುವ ಗೂಟ, ಕಿಟಕಿಯ ಚೌಕಟ್ಟು ಎಲ್ಲಕ್ಕೂ ಸುತ್ತ ಟೇಪು ಅಂಟಿಸಬೇಕು. ಮೂಲೆಗಳಲ್ಲಿ ಡಬ್ಬದ ಮುಚ್ಚಳ ಇಟ್ಟು ಟೇಪನ್ನು ದುಂಡಗೆ ಕತ್ತರಿಸಬೇಕು, ಚೂಪು ಮೂಲೆಯಿಂದಲೇ ಬಣ್ಣ ಮೊದಲು ಏಳುವುದು. ಆಮೇಲೆ ದಪ್ಪಗೆ ಒಂದು ಕೈ ಬಣ್ಣ. ಅದು ಹಸಿ ಇರುವಾಗಲೇ ತೂತು ಮಾಡಿದ ಡಬ್ಬದಿಂದ ಜರಡಿ ಹಿಡಿದ, ಮರಳಿನಂಥ ಗರಗರ ಪುಡಿಯನ್ನು ಉದುರಿಸಬೇಕು. ಒಣಗಿದ ಮೇಲೆ ಅಂಟದ ಪುಡಿಯನ್ನು ಗುಡಿಸಿ, ಅಂಟಿದ್ದರ ಮೇಲೆ ಮತ್ತೆ ಬಣ್ಣ. ಮೇಲೆ ಒಂದು ಕೈ ಬಿದ್ದರೆ ಪುಡಿಯ ಹಲ್ಲು ಚೂಪು, ಇನ್ನೊಂದು ಬಿದ್ದರೆ ಮೊಂಡು, ಅದಕ್ಕೂ ಹೆಚ್ಚಾದರೆ ಮತ್ತೆ ಜಾರುಬಂಡೆ.

ಎಲ್ಲಿ ನಿಲ್ಲಿಸಬೇಕು? ಅದನ್ನು ಹೇಳುತ್ತಿದ್ದದ್ದು ಅಪ್ಪನ ಅಂಗಾಲು. ಚಪ್ಪಲಿಯನ್ನು ಏಣಿಯ ಕೆಳಗೆ ಬಿಟ್ಟು ಹತ್ತುತ್ತಿದ್ದ. ಕಣ್ಣು ಮುಚ್ಚಿ, ಕೈ ಹಿಂದೆ ಕಟ್ಟಿ, ಮೂತಿಯಿಂದ ಹಿಂಬದಿಯ ತನಕ ಹುಲ್ಲಿನ ಮೇಲೆ ವಾಯುವಿಹಾರಕ್ಕೆ ಬಂದವನ ಹಾಗೆ ನಡೆಯುತ್ತಿದ್ದ. ಅಲ್ಲಲ್ಲಿ ನಿಂತು ಹಿಮ್ಮಡಿ ಉಜ್ಜುತ್ತಿದ್ದ. ಕಣ್ಣು ಬಿಟ್ಟು “ಪಾಸು” ಎಂದರೆ ಮುಗಿಯಿತು, ಯಜಮಾನರು ಕೂಡ ಹತ್ತಿ ನೋಡುತ್ತಿರಲಿಲ್ಲ.

ಮೇಷ್ಟ್ರ ಡೆಕ್ಕು ಪೂರ್ತಿ ನನ್ನ ಕೈಗೆ ಬಂದ ಮೊದಲ ಡೆಕ್ಕು. ಕೆರೆದದ್ದು ನಾನು, ಟೇಪು ಹಾಕಿದ್ದು ನಾನು, ಪುಡಿ ಉದುರಿಸಿದ್ದು ನಾನು. ಇದು ಚೆನ್ನಾಗಿ ಬಂದರೆ ಮುಂದಿನ ಡೆಕ್ಕುಗಳು ನನ್ನ ಹೆಸರಿಗೇ ಬರುತ್ತವೆ ಎಂದು ಯಜಮಾನರು ಹೇಳಿದ್ದರು. ಮೇಲಿನ ಮೊದಲ ಕೈ ಒಣಗಿದಾಗ ನಾನೂ ಬರಿಗಾಲಲ್ಲಿ ನಡೆದು ನೋಡಿದ್ದೆ. ಚುಚ್ಚುತ್ತಿತ್ತು.

“ಅಪ್ಪಾ, ಒರಟಾಯ್ತು. ಇನ್ನೊಂದು ಕೈ ಹೊಡೀಲಾ?”

ಅಪ್ಪ ಹತ್ತಿದ, ಕಣ್ಣು ಮುಚ್ಚಿದ, ನಡೆದ. “ಪಾಸು. ಒಳ್ಳೇ ರೇಷ್ಮೆ ಇದ್ದಂಗಿದೆ. ಇನ್ನೊಂದು ಕೈ ಹೊಡೆದ್ರೆ ಮೇಷ್ಟ್ರು ಜಾರಿ ನೀರಿಗೇ ಬೀಳ್ತಾರೆ.”

“ನಂಗೆ ಚುಚ್ತಿದೆಯಲ್ಲ?”

“ನಿಂದು ಇನ್ನೂ ಎಳೇ ಕಾಲು. ಚುಚ್ಚದೆ ಮುತ್ತಿಡುತ್ತಾ?”

ನಾನು ಬ್ರಷ್ ತೊಳೆದಿಟ್ಟೆ. ನನ್ನ ಕಾಲು ಹೇಳಿದ್ದನ್ನು ಬಿಟ್ಟು ಅಪ್ಪನ ಕಾಲು ಹೇಳಿದ್ದನ್ನು ನಂಬಿದೆ. ನಮ್ಮ ಅಂಗಳದಲ್ಲಿ ಯಾರಾದರೂ ಅದನ್ನೇ ಮಾಡುತ್ತಿದ್ದರು. ಈಗ ಕತ್ತೆ ಎನಿಸಿಕೊಂಡಾಗಲೂ ಅದೇ ನಂಬಿಕೆ ನನ್ನ ಕುತ್ತಿಗೆಗೆ ಬಂತು. ಅಂಗಾಲಣ್ಣನ ಕಾಲು ತಪ್ಪುವುದಿಲ್ಲ, ಹಾಗಾದರೆ ಈ ಹುಡುಗ ಅಪ್ಪನಿಗೆ ತೋರಿಸದೆಯೇ ಮುಗಿಸಿದ್ದಾನೆ ಎಂದು ಎಲ್ಲರೂ ಲೆಕ್ಕ ಹಾಕಿಬಿಟ್ಟಿದ್ದರು.

ಆ ಮಧ್ಯಾಹ್ನ ನಾನು ಡೆಕ್ಕಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಮರದ ತುಂಡಿಗೆ ಪಾಲಿಶ್ ಪೇಪರ್ ಸುತ್ತಿ, ಪುಡಿಯ ಚೂಪನ್ನು ಉಜ್ಜಿ ಇಳಿಸುತ್ತಿದ್ದೆ. ಮೇಷ್ಟ್ರ ಮುಖ ನೆನೆಸಿಕೊಂಡು ಉಜ್ಜಿದೆ, ಎಂಜಿನ್ನಿನವನ ಕೆಮ್ಮು ನೆನೆಸಿಕೊಂಡು ಉಜ್ಜಿದೆ. ಅಪ್ಪ ಟೇಪಿನ ಸುರುಳಿಗಳನ್ನು ತೋಳಿಗೆ ಬಳೆಯಂತೆ ಏರಿಸಿಕೊಂಡು ಬರಿಗಾಲಲ್ಲೇ ಏಣಿ ಹತ್ತಿ ಬಂದ. ನಾನು ಉಜ್ಜುತ್ತಲೇ ಇದ್ದೆ.

“ಸಿಟ್ಟನ್ನ ಬಣ್ಣದ ಮೇಲೆ ತೋರಿಸ್ಬೇಡ,” ಎಂದ. “ಒಂದು ಕಡೆ ಜಾಸ್ತಿ ಉಜ್ಜಿ, ಇನ್ನೊಂದು ಕಡೆ ಕಮ್ಮಿ ಉಜ್ಜಿದ್ರೆ ತೇಪೆ ಹಾಕಿದಂಗೆ ಕಾಣುತ್ತೆ.”

ಹಾಯಿಕಂಬದ ಹತ್ತಿರ ಟೇಪು ಕೆರೆಯುವ ತಗಡು ಅಂಚು ಮೇಲಾಗಿ ಬಿದ್ದಿತ್ತು. ಅಪ್ಪ ಅದರ ಕಡೆಗೇ ನಡೆಯುತ್ತಿದ್ದ. ಹುಷಾರು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅದರ ಮೇಲೆ ಕಾಲಿಟ್ಟ. ತಗಡು ಟಣ್ ಎಂದಿತು. ಅಪ್ಪ ಅಯ್ಯೋ ಅನ್ನಲಿಲ್ಲ, ಕಾಲೆತ್ತಿಕೊಳ್ಳಲಿಲ್ಲ. ಅಂಚು ತಾಗದೆ ತಪ್ಪಿತು ಎಂದುಕೊಂಡು ನಾನು ಮತ್ತೆ ತಲೆ ಬಗ್ಗಿಸಿದೆ. ಅವನು ಮೂತಿಯ ತನಕ ಹೋಗಿ, ಹಗ್ಗದ ಗೂಟಕ್ಕೆ ಟೇಪು ಸುತ್ತಿ, ತಿರುಗಿದ.

“ನೋಡು, ನೋಡು! ಕೆಂಪು ಪ್ರೈಮರ್ ಚೆಲ್ಲಿದ್ದೀಯ. ಹೆಜ್ಜೆ ಹೆಜ್ಜೆಗೂ ಬಿದ್ದಿದೆ. ಕಣ್ಣು ಎಲ್ಲಿಟ್ಟಿರ್ತೀಯೋ ನೀನು? ಒಣಗೋ ಮುಂಚೆ ಒರೆಸು.”

ಬಣ್ಣಕ್ಕೆ ಮುಂಚೆ ಬಳಿಯುವ ಆ ಪ್ರೈಮರ್‌ನ ಡಬ್ಬ ಕೆಳಗೆ ನೆಲದ ಮೇಲೆ ಮುಚ್ಚಳ ಹಾಕಿಕೊಂಡು ಕೂತಿತ್ತು. ನಾನು ಬಟ್ಟೆ ಹಿಡಿದು ಎದ್ದೆ. ಒಂದು ಕಲೆ ಒರೆಸಿದೆ, ಇನ್ನೊಂದು ಒರೆಸಿದೆ. ಪ್ರೈಮರ್ ಇಷ್ಟು ಸಲೀಸಾಗಿ ಬಟ್ಟೆಗೆ ಬರುವುದಿಲ್ಲ. ಕಲೆಗಳ ಹಿಂದೆಯೇ ಹೋದೆ. ಕೊನೆಯದು ಅಪ್ಪನ ಬಲಗಾಲಿನ ಕೆಳಗಿತ್ತು, ಇನ್ನೂ ಅಗಲವಾಗುತ್ತಿತ್ತು.

“ಅಪ್ಪಾ, ಕೂತ್ಕೋ.”

“ಯಾಕೋ?”

“ಕೂತ್ಕೋ ಅಂದ್ನಲ್ಲ!”

ಕೂತ. ಅವನ ಕಾಲನ್ನು ಎಳೆದು ತೊಡೆಯ ಮೇಲಿಟ್ಟುಕೊಂಡೆ. ಹುಟ್ಟಿದಂದಿನಿಂದ ಈ ಕಾಲಿನ ಹೆಸರಲ್ಲಿ ನಮ್ಮ ಮನೆಯ ಒಲೆ ಉರಿದಿದೆ, ಆದರೆ ಅದನ್ನು ಕೈಯಲ್ಲಿ ಹಿಡಿದದ್ದು ಆವತ್ತೇ. ಹಿಮ್ಮಡಿಯ ಪಕ್ಕ ಬಾಯಿ ಬಿಟ್ಟ ಗಾಯ. ಅದರ ಸುತ್ತ ಹಳೆಯವೂ ಇದ್ದವು. ಬೆರಳ ಬುಡದಲ್ಲಿ ಒಂದು ಸುಟ್ಟ ಕಲೆ. ನಡುವೆ ನೀಟಾಗಿ ಅಂಟಿಸಿದ ಒಂದು ಪಟ್ಟಿ. ಅಪ್ಪನ ಒರಟು ಕೈ ಅಂಟಿಸಿದ್ದಲ್ಲ ಅದು. ಹೆಬ್ಬೆರಳ ಉಗುರಿನಿಂದ ಅಂಗಾಲನ್ನು ಜೋರಾಗಿ ಒತ್ತಿದೆ.

“ಗೊತ್ತಾಗ್ತಿದೆಯಾ?”

“ಏನು?”

ಕೈ ತೆಗೆದೆ. “ಒತ್ತುತ್ತಾ ಇದೀನಲ್ಲ, ಗೊತ್ತಾಗ್ತಿಲ್ವಾ?”

“ಹೂಂ, ಗೊತ್ತಾಗ್ತಿದೆ. ಮೆತ್ತಗೆ ಒತ್ತೋ ಮಾರಾಯ.”

ನನ್ನ ಎರಡೂ ಕೈ ಅವನ ಕಾಲನ್ನು ಬಿಟ್ಟು ಪಕ್ಕದ ಬಟ್ಟೆಯ ಮೇಲಿದ್ದವು. ಅಪ್ಪ ಅವನ್ನು ನೋಡಿದ. ಮುಖ ಆ ಕಡೆ ತಿರುಗಿಸಿದ.

“ಯಾವಾಗಿಂದ?” ಎಂದೆ, ಬಟ್ಟೆಯನ್ನು ಗಾಯಕ್ಕೆ ಒತ್ತುತ್ತಾ.

“ಸಕ್ಕರೆ ಕಾಯಿಲೆ ಕಣೋ. ಮೊದಲು ಜೋಮು ಹಿಡಿದಂಗಿತ್ತು. ಆಮೇಲೆ ಆ ಜೋಮೂ ಹೋಯ್ತು.”

“ಅಮ್ಮನಿಗೆ ಗೊತ್ತಾ?”

“ಅವಳೇ ಅಲ್ವಾ ದಿನಾ ಸಂಜೆ ಕನ್ನಡಿ ಹಿಡಿದು ನೋಡೋದು, ಪಟ್ಟಿ ಹಾಕೋದು.”

ಆ ಕನ್ನಡಿ ನನಗೆ ಗೊತ್ತಿತ್ತು. ಬಚ್ಚಲ ಬಾಗಿಲ ಹತ್ತಿರ ನೆಲದ ಮೇಲೆ ಇರುತ್ತಿತ್ತು. ಎಷ್ಟೋ ಸಲ ಕಾಲಿಗೆ ಸಿಕ್ಕಿ, ಇದನ್ನು ಇಲ್ಲಿ ಇಟ್ಟವರು ಯಾರು ಎಂದು ಅಮ್ಮನ ಮೇಲೆ ಹಾರಾಡಿದ್ದೇನೆ. ಅಮ್ಮ ಏನೂ ಹೇಳದೆ ಎತ್ತಿ ಒಳಗಿಡುತ್ತಿದ್ದಳು. ನಮ್ಮದು ಎರಡು ಕೋಣೆಯ ಮನೆ. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರಿಗೆ ಎಚ್ಚರವಾಗುತ್ತದೆ. ಅಷ್ಟು ಮನೆಯಲ್ಲಿ ಒಂದು ಕಾಲು ಸತ್ತಿದ್ದು ನನಗೆ ತಿಳಿಯಲಿಲ್ಲ. ಬಂದ ತಕ್ಷಣ ಊಟ, ಉಂಡ ತಕ್ಷಣ ಬೀದಿ, ಬೀದಿಯಲ್ಲಿ ನನ್ನ ಸಿಟ್ಟು ನನಗೆ. ಬೆಳಿಗ್ಗೆ ಮೇಷ್ಟ್ರು ಎಲ್ಲರ ಮುಂದೆ ಇಳಿಸಿದ ಮಾನ ಇದರ ಮುಂದೆ ಏನೂ ಅಲ್ಲ ಎನಿಸಿತು.

“ಶೂ ಹಾಕ್ಕೋ ಅಂದಿದ್ರು ಡಾಕ್ಟ್ರು,” ಎಂದ ಅಪ್ಪ. “ಹಾಕ್ಕೊಂಡೂ ಬಂದಿದ್ದೆ. ‘ಅಂಗಾಲಣ್ಣನಿಗೆ ಮತ್ತೆ ಮದುವೆ’ ಅಂತ ಎಂಜಿನ್ನಿನವನು ಅಂದ. ಎಲ್ರೂ ನಕ್ಕರು.”

ಎಲ್ಲರೂ ಎಂದನೇ ಹೊರತು ನೀನೂ ನಕ್ಕೆ ಎನ್ನಲಿಲ್ಲ.

“ಮತ್ತೆ ಇಷ್ಟು ದಿನ ಹೆಂಗೆ ಪಾಸು ಮಾಡ್ತಿದ್ದೆ?”

ಈಗ ಅವನ ಮುಖಕ್ಕೆ ಸ್ವಲ್ಪ ಕಳೆ ಬಂತು. “ಸದ್ದಿಂದ ಕಣೋ! ಹಿಮ್ಮಡಿ ಉಜ್ಜಿದಾಗ ಕರಕರ ಅಂತ ಬರುತ್ತಲ್ಲ, ಅದು ಒಂದೊಂದು ಕೈ ಬಣ್ಣಕ್ಕೂ ಬೇರೆ ಬೇರೆ. ಒಂದೂ ತಪ್ಪಿರ್ಲಿಲ್ಲ. ಅವತ್ತು ಪಕ್ಕದ ದೋಣಿಗೆ ಗರಗಸ ಹಾಕ್ಬಿಟ್ಟಿದ್ರು. ಏನೂ ಕೇಳಿಸ್ಲಿಲ್ಲ. ಗರಗಸ ನಿಲ್ಸಿ ಅಂತ ಹೆಂಗೆ ಹೇಳ್ಲಿ? ಅಂಗಾಲಿಗೂ ಗರಗಸಕ್ಕೂ ಏನು ಸಂಬಂಧ ಅಂತ ಕೇಳಲ್ವಾ?”

“ಬೆಳಿಗ್ಗೆ ನನ್ನ ಕತ್ತೆ ಅಂದಾಗ್ಲಾದ್ರೂ ಹೇಳ್ಬೋದಿತ್ತು.”

“ಹೇಳಿದ್ರೆ ಏನಾಗುತ್ತೆ ಅಂತ ಯಜಮಾನ್ರು ಹೇಳಿದ್ದು ನಿಂಗೆ ಕೇಳಿಸ್ಲಿಲ್ವಾ?”

“ಹಂಗಂತ ನಾನು ಅನ್ನಿಸ್ಕೋಬೇಕಾ?”

“ನೀನು ಹುಡುಗ. ಇವತ್ತು ಬೈತಾರೆ, ನಾಳೆ ಹೆಗಲ ಮೇಲೆ ಕೈ ಹಾಕ್ತಾರೆ. ಸ್ವಲ್ಪ ದಿನ ದೋಣಿ ಹೊಟ್ಟೆ ಕೆರೆದ್ರೆ ಮತ್ತೆ ಮೇಲೆ ಬರ್ತೀಯ. ನಾನು ಒಂದ್ಸಲ ಇಳಿದ್ರೆ ಮತ್ತೆ ಹತ್ತೋದಿಲ್ಲ.”

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಮೈ ಉರಿಯಿತು. ತಪ್ಪು ಮಾತಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆ ಕಾಲನ್ನು ತೊಡೆಯಿಂದ ನೂಕಿ ಏಳಬೇಕೆನಿಸಿತು, ಆದರೆ ಬಟ್ಟೆ ತೆಗೆದರೆ ರಕ್ತ ಬರುತ್ತಿತ್ತು. ಸಿಟ್ಟು ಮಾಡಿಕೊಂಡೇ ಅದನ್ನು ಒತ್ತಿ ಹಿಡಿದು ಕೂತೆ.

“ಯಜಮಾನ್ರು ಕೇಳಿದಾಗ ಏನು ಹೇಳ್ತೀಯ?” ಎಂದ.

“ಗೊತ್ತಿಲ್ಲ.”

“ನಿಂಗೆ ಬಿಟ್ಟಿದ್ದು,” ಎಂದ. ಸ್ವಲ್ಪ ಹೊತ್ತಾದ ಮೇಲೆ, “ಅಮ್ಮನಿಗೆ ಈ ಗಾಯ ಹೇಳ್ಬೇಡ, ರಂಪ ಮಾಡ್ತಾಳೆ,” ಎಂದ. ಕನ್ನಡಿಯಲ್ಲಿ ಕಾಣದೆ ಇರುತ್ತದೆಯೇ ಎಂದು ನಾನು ಕೇಳಲಿಲ್ಲ.

ಆಮೇಲೆ ಅವನನ್ನು ಬರಿಗಾಲಲ್ಲಿ ಡೆಕ್ಕಿನ ಮೇಲೆ ಬಿಡಲಿಲ್ಲ. ಕೆಳಗಿನಿಂದಲೇ ಡಬ್ಬ, ಬ್ರಷ್ ಎತ್ತಿಕೊಡುತ್ತಿದ್ದ. ನಾನು ಉಜ್ಜಿ ಮುಗಿಸಿ, ಧೂಳು ಒರೆಸಿ, ಮೂತಿಯಿಂದ ಶುರುಮಾಡಿ ಹಿಮ್ಮುಖವಾಗಿ ಏಣಿಯ ಕಡೆ ಬರುತ್ತಾ ಇನ್ನೊಂದು ಕೈ ಬಣ್ಣ ಹೊಡೆದೆ. ಹಸಿ ಇರುವಾಗಲೇ ಟೇಪು ಕಿತ್ತೆ. ಅಂಚು ದಾರ ಎಳೆದ ಹಾಗೆ ಬಂತು. ಗಟ್ಟಿಯಾಗಲು ಬಿಟ್ಟು, ಆಮೇಲೆ ಹತ್ತಿ ನಡೆದು ನೋಡಿದೆ. ಅಂಗಾಲು ಒಪ್ಪಿತು. ಆದರೆ ಆ ಡೆಕ್ಕಿನ ಮೇಲೆ ಹೋಗುವುದು ಅಂಗಾಲಲ್ಲವಲ್ಲ. ಪ್ಯಾಂಟು ಮಡಚಿ, ಬರಿ ಮಂಡಿ ಊರಿ, ಅಂಗೈ ಊರಿ, ಒಂದು ಸುತ್ತು ಅಂಬೆಗಾಲಲ್ಲಿ ಹೋದೆ.

ಹಾಯಿ ಹೊಲಿಯುವ ಅಕ್ಕ ಕೆಳಗಿನಿಂದ ನೋಡಿಬಿಟ್ಟಳು. “ಮೇಷ್ಟ್ರ ಬಾಯಿಗೆ ಸಕ್ಕರೆ ಹಾಕ್ಬೇಕು ಕಣೋ. ಹೇಳಿದ್ದೇ ತಡ, ನಾಲ್ಕು ಕಾಲೂ ಬಂದ್ವಲ್ಲ!”

“ನೀವು ಹಾಯಿಗೆ ಸೂಜಿ ಹಾಕ್ಕೊಳ್ಳಿ ಅಕ್ಕ,” ಎಂದೆ. ಬೇರೆ ದಿನವಾಗಿದ್ದರೆ ಇದಕ್ಕಿಂತ ಚೆನ್ನಾದದ್ದು ಬಾಯಿಗೆ ಬರುತ್ತಿತ್ತು.

ಮಂಡಿ ಕೆಂಪಾಗಲಿಲ್ಲ. ಕೈ ಜಾರಲೂ ಇಲ್ಲ. ಕೆಳಗೆ ನಿಂತಿದ್ದ ಅಪ್ಪನಿಗೆ ತಲೆಯಾಡಿಸಿದೆ. ಅವನು ನನ್ನನ್ನೇ ನೋಡುತ್ತಿದ್ದ. “ಪಾಸಾ?” ಎಂದು ಕೇಳಿದ. ಆ ಪದವನ್ನು ಅವನು ಪ್ರಶ್ನೆ ಮಾಡಿ ಕೇಳಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಪಾಸು ಎಂದೆ.

ಮೇಷ್ಟ್ರು ಬಂದದ್ದು ಮತ್ತೆ ಟೀ ಹೊತ್ತಿಗೇ. ನನ್ನ ಹಣೆಬರಹವೋ, ಯಜಮಾನರೇ ಹಾಗೆ ಬರಹೇಳಿದ್ದರೋ ತಿಳಿಯದು. ಲೋಟ ಹಿಡಿದು ಎಲ್ಲರೂ ದೋಣಿಯ ಸುತ್ತ ನಿಂತರು. ಮೇಷ್ಟ್ರು ಏಣಿ ಹತ್ತಿ, ಮಂಡಿಯೂರಿ, ಹಾಯಿಕಂಬ ದಾಟಿ ಮೂತಿಯ ತನಕ ಹೋದರು. ಅಲ್ಲಿ ತಲೆಯೆತ್ತಿ ಸ್ವಲ್ಪ ಹೊತ್ತು ನೀರನ್ನು ನೋಡಿದರು. ತಿರುಗಿ ಬಂದು ಅಂಗೈ ನೋಡಿಕೊಂಡರು.

“ಪರವಾಗಿಲ್ಲ ಕಣೋ. ಹಾಸಿಗೆ ಮೇಲೆ ಹೋಗಿ ಬಂದಂಗಾಯ್ತು,” ಎಂದರು. “ಇದನ್ನ ಮೊದಲೇ ಮಾಡೋಕೆ ಏನಾಗಿತ್ತು ನಿಂಗೆ?”

ಯಜಮಾನರು ಲೋಟವನ್ನು ಪೀಪಾಯಿಯ ಮೇಲಿಟ್ಟರು. “ಅದನ್ನೇ ನಾನೂ ಕೇಳೋದು. ಹೇಳಪ್ಪ ಈಗ, ಎಲ್ಲರ ಮುಂದೆ. ಮೊದಲ ಸಲ ಪಾಸು ಮಾಡಿದ್ದು ಯಾರ ಕಾಲು? ನಿಂದಾ, ಅಪ್ಪನದಾ?”

ಎರಡು ಉತ್ತರವೂ ನನ್ನ ನಾಲಿಗೆಯ ಮೇಲಿತ್ತು. ನಾನೇ ಎನ್ನಬಹುದಿತ್ತು. ಅವನ ಕಾಲಿಗೆ ಏನೂ ತಿಳಿಯುವುದಿಲ್ಲ, ಬೇಕಾದರೆ ಸೂಜಿ ಚುಚ್ಚಿ ನೋಡಿ ಎನ್ನಬಹುದಿತ್ತು. ಅಕ್ಕನ ಕೈಯಲ್ಲಿ ಸೂಜಿಯೂ ಇತ್ತು. ಅಪ್ಪನ ಕಡೆ ನೋಡಿದೆ. ಪ್ಯಾಂಟಿನ ಅಂಚನ್ನು ಕೆಳಗೆಳೆದು ಪಟ್ಟಿ ಮುಚ್ಚಿಕೊಂಡಿದ್ದ. ಒಂದು ಕ್ಷಣ ಅವನೇ ಹೇಳುತ್ತಾನೆ ಎನಿಸಿತು, ಬಾಯಿ ತೆರೆದಿದ್ದ.

“ಹೋಗ್ಲಿ ಬಿಡಿ ಯಜಮಾನ್ರೇ,” ಎಂದ ಅಪ್ಪ. ದನಿ ತುಂಬಾ ಮೆತ್ತಗಿತ್ತು. “ಹುಡುಗ ಅಲ್ವಾ, ಆತುರ. ನನ್ನನ್ನ ಕೇಳ್ದೇನೇ ಮುಗಿಸ್ಬಿಟ್ಟಿದ್ದ. ಕಲೀತಾನೆ. ನನ್ನ ಮುಖ ನೋಡಿ ಒಂದ್ಸಲ ಬಿಟ್ಬಿಡಿ.”

“ಎಂಥಾ ಅಪ್ಪ ಪಾಪ,” ಎಂದಳು ಅಕ್ಕ.

ಎಲ್ಲರ ಮುಖವೂ ಮೆತ್ತಗಾಯಿತು. ಮೇಷ್ಟ್ರು ಕೂಡ ಅಪ್ಪನನ್ನು ನೋಡಿ ತಲೆದೂಗಿದರು. ನಾಚಿಕೆ ಯಾರಿಗೆ ಆಗಬೇಕಿತ್ತೋ ಅವರಿಗೆ ಆಗಲಿಲ್ಲ, ಎಲ್ಲವೂ ಸೇರಿ ನನ್ನ ಮುಖಕ್ಕೇ ಬಂತು. ಅವನು ಸುಳ್ಳು ಹೇಳಿದ್ದಕ್ಕೆ, ಅದನ್ನು ಇಷ್ಟು ಚೆನ್ನಾಗಿ ಹೇಳಿದ್ದಕ್ಕೆ, ಹೇಳುವಾಗ ನನ್ನ ಕಣ್ಣನ್ನು ತಪ್ಪಿಸಿದ್ದಕ್ಕೆ. ನಾನೇ ಎನ್ನಲು ನನಗೆ ಮನಸ್ಸಿತ್ತೋ ಏನೋ. ಆದರೆ ಆ ಉತ್ತರವನ್ನು ನಾನಾಗಿ ಕೊಡುವ ಮೊದಲೇ ಅವನು ನನ್ನ ಜೇಬಿಗೆ ಕೈ ಹಾಕಿ ತೆಗೆದುಕೊಂಡಿದ್ದ.

“ಅಪ್ಪ ಹೇಳಿದ್ದು ನಿಜವೇನೋ?” ಎಂದರು ಯಜಮಾನರು. “ನಿನ್ನ ಬಾಯಿಂದ ಹೇಳು.”

ಬಟ್ಟೆಯನ್ನು ಹೆಗಲಿನಿಂದ ತೆಗೆದು ಏಣಿಯ ಮೆಟ್ಟಿಲಿಗೆ ಹಾಕಿದೆ. ಎಂಜಿನ್ನಿನವನು ದಾರಿ ಬಿಟ್ಟ. ಅವನ ಪಕ್ಕದಿಂದ, ಪೀಪಾಯಿಯ ಪಕ್ಕದಿಂದ ಗೇಟಿನ ಕಡೆ ನಡೆದೆ.

“ಏಯ್, ನಿನ್ನನ್ನೇ ಕೇಳ್ತಿರೋದು! ಬಾಯಿ ಇಲ್ವಾ?”

ಆಮೇಲೆ ಅಪ್ಪನ ದನಿ ಕೇಳಿತು. ಚಿಕ್ಕವನಿದ್ದಾಗ ಮನೆಯೊಳಗೆ ಮಾತ್ರ ಕರೆಯುತ್ತಿದ್ದ ಮುದ್ದಿನ ಹೆಸರು, ಅಂಗಳದಲ್ಲಿ ಎಂದೂ ಬಾಯಿಬಿಟ್ಟು ಅನ್ನದ ಹೆಸರು. ಎರಡು ಸಲ ಕೂಗಿದ. ನಾನು ತಿರುಗದೆ ನಡೆಯುತ್ತಲೇ ಹೋದೆ.